ಪ್ರತಿವರ್ಷ ಕಟ್ಟಬೇಕಾದ ಕಟ್ಟ

ಪುತ್ತೂರು, ಸುಳ್ಯ, ಕಡಬ ತಾಲೂಕುಗಳಲ್ಲಿ ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರಿಗೂ ಮಿಕ್ಕಿ ಮಳೆ ಸುರಿಯುತ್ತದೆ. ಹಾಗಿದ್ದೂ ಮಾರ್ಚ್ ಬಂತೆಂದರೆ ತೋಟದ ಕೆರೆ ತಳ ಕಾಣುತ್ತದೆ, ಪಂಪು ಹಾಕಿದ ಸ್ವಲ್ಪ ಹೊತ್ತಿಗೇ ಬಾವಿ ಬರಿದಾಗುತ್ತದೆ, ಎಷ್ಟೋ ಕಡೆ ನಳ್ಳಿ ನೀರು ಎರಡು ದಿನಕ್ಕೊಮ್ಮೆ ಎಂದಾಗುತ್ತದೆ. ಗುಡ್ಡದಿಂದ ಇಳಿದ ನೀರು ತೋಡಿಗೆ, ತೋಡಿನಿಂದ ಕುಮಾರಧಾರೆಗೋ ಪಯಸ್ವಿನಿಗೋ ಸೇರಿ ಕೆಲವೇ ದಿನಗಳಲ್ಲಿ ಸಮುದ್ರ ಮುಟ್ಟುವ ನೆಲ ಇದು. ಇದಕ್ಕೆ ಇಲ್ಲಿಯ ಹಿರಿಯರು ಕಂಡುಕೊಂಡಿದ್ದ ಉಪಾಯ ಕಟ್ಟ. ನವೆಂಬರ್ ಕೊನೆಗೋ ಡಿಸೆಂಬರಿನಲ್ಲೋ ತೋಡಿನ ಹರಿವು ಮೊಣಕಾಲಿಗೆ ಇಳಿದಾಗ ಕೆಲಸ ಶುರುವಾಗುತ್ತದೆ. ಅಡ್ಡಕ್ಕೆ ಕಾಡುಕಲ್ಲಿನ ಎರಡು ಸಾಲು ಇಟ್ಟು, ನಡುವೆ ಮಣ್ಣು ತುಂಬಿ ತುಳಿದು ಗಟ್ಟಿ ಮಾಡುತ್ತಾರೆ. ಈಗೀಗ ಕಲ್ಲಿನ ಜಾಗಕ್ಕೆ ಮರಳು ತುಂಬಿದ ಚೀಲ ಬಂದಿದೆ, ಸೋರದಂತೆ ಪ್ಲಾಸ್ಟಿಕ್ ಹಾಳೆ ಬಂದಿದೆ, ಆಸರೆಗೆ ಅಡಿಕೆ ಮರದ ಕಂಬ ಮಾತ್ರ ಹಿಂದಿನಂತೆಯೇ ಇದೆ. ನೀರು ಹಿಂದಕ್ಕೆ ನಿಲ್ಲುತ್ತದೆ, ನಿಂತ ನೀರು ಎರಡೂ ದಂಡೆಯೊಳಗೆ ಇಂಗುತ್ತದೆ, ತಿಂಗಳು ಕಳೆಯುವಷ್ಟರಲ್ಲಿ ಆಸುಪಾಸಿನ ಬಾವಿಗಳ ಮಟ್ಟ ಏರುತ್ತದೆ. ಜೂನ್ ಮಳೆಗೆ ಅಷ್ಟೂ ಕೊಚ್ಚಿಹೋಗುತ್ತದೆ. ಮುಂದಿನ ವರ್ಷ ಮತ್ತೆ ಕಟ್ಟಬೇಕು.

ಸ್ವಯಂಸೇವೆಯಿಂದ ಏನು ಸಿಗುತ್ತದೆ ಎಂಬ ಪ್ರಶ್ನೆಗೆ ಸಾಮಾನ್ಯವಾಗಿ ಬರುವ ಉತ್ತರ ಎರಡು: ಮನಸ್ಸಿಗೆ ನೆಮ್ಮದಿ, ಮತ್ತು ಪುಣ್ಯ. ಎರಡನ್ನೂ ನಾನು ಅಲ್ಲಗಳೆಯುವುದಿಲ್ಲ. ಆದರೆ ಈ ಮೂರು ತಾಲೂಕುಗಳ ಮಟ್ಟಿಗೆ ಆ ಉತ್ತರ ಸಾಲದು. ಇಲ್ಲಿ ಊರಿಗಾಗಿ ಮಾಡಿದ ಕೆಲಸಕ್ಕೆ ಕಣ್ಣಿಗೆ ಕಾಣುವ, ಕೊಡಪಾನದಲ್ಲಿ ತುಂಬಿಸಿಕೊಳ್ಳಬಹುದಾದ ಪ್ರತಿಫಲ ಇದೆ. ಅದಕ್ಕಿಂತ ಮುಖ್ಯವಾಗಿ, ಆ ಪ್ರತಿಫಲ ಸಿಗುವುದು ಒಮ್ಮೆ ಮಾಡಿ ಮುಗಿಸಿದ ಕೆಲಸದಿಂದಲ್ಲ, ವರ್ಷ ವರ್ಷ ಮತ್ತೆ ಮಾಡಬೇಕಾದ ಕೆಲಸದಿಂದ. ನಮ್ಮ ಸೇವಾಬುದ್ಧಿ ಈಗ ಯಾವ ಕಡೆಗೆ ಹರಿಯುತ್ತಿದೆ, ಎಲ್ಲಿ ಬತ್ತುತ್ತಿದೆ ಎಂಬುದನ್ನು ಈ ದೃಷ್ಟಿಯಿಂದ ನೋಡಬೇಕಾದ ಕಾಲ ಬಂದಿದೆ.

ಬಯಲುಸೀಮೆಯ ಹಳ್ಳಿಯಲ್ಲಿ ಮನೆಗೆ ಮನೆ ಅಂಟಿಕೊಂಡಿರುತ್ತದೆ. ಬೆಳಗಾದರೆ ಎದುರುಮನೆಯವರ ಮುಖ ನೋಡದೆ ಉಪಾಯವಿಲ್ಲ. ನಮ್ಮಲ್ಲಿ ಹಾಗಲ್ಲ. ಪ್ರತಿ ಮನೆಯೂ ಅದರದ್ದೇ ತೋಟದ ನಡುವೆ ಕೂತಿದೆ, ಪಕ್ಕದ ಮನೆ ಗುಡ್ಡದ ಆಚೆ ಬದಿಗಿದೆ. ಒಬ್ಬರು ಇನ್ನೊಬ್ಬರ ಮುಖ ನೋಡದೆ ತಿಂಗಳು ಕಳೆಯಬಹುದು. ಹಾಗಾಗಿ ಇಲ್ಲಿ ಊರು ಎಂಬುದು ಸುಮ್ಮನೆ ಸಿಕ್ಕಿದ್ದಲ್ಲ, ಜನ ಒಂದು ಕೆಲಸಕ್ಕೆಂದು ಸೇರಿದಾಗ ಆಗುವಂಥದ್ದು. ಜಾತ್ರೆ, ನೇಮ, ಭಜನೆ, ಯುವಕ ಮಂಡಲ, ಶಾಲೆಯ ವಾರ್ಷಿಕೋತ್ಸವ, ತೋಡಿನ ಕಟ್ಟ, ಇವೆಲ್ಲ ಸೇರುವುದಕ್ಕೆ ನೆಪಗಳೂ ಹೌದು, ಊರನ್ನು ಊರಾಗಿ ಉಳಿಸಿದ ಕೆಲಸಗಳೂ ಹೌದು. ಕೊಳವೆಬಾವಿ ಒಬ್ಬನೇ ಕೊರೆಸಬಹುದು. ಕಟ್ಟ ಒಬ್ಬನಿಂದ ಆಗದು. ಕಟ್ಟಿದ ಮೇಲೆ ಅದರ ನೀರನ್ನು ಒಬ್ಬನೇ ಇಟ್ಟುಕೊಳ್ಳುವುದೂ ಸಾಧ್ಯವಿಲ್ಲ, ಏಕೆಂದರೆ ನೀರಿಗೆ ಆರ್‌ಟಿಸಿ ಓದಲು ಬರುವುದಿಲ್ಲ. ಕೆಲಸಕ್ಕೆ ಬಾರದವನ ಬಾವಿಗೂ ಅದು ಹೋಗುತ್ತದೆ.

ಹಾಗಾದರೆ ದುಡಿಯದವನಿಗೂ ಫಲ ಸಿಗುವ ಕೆಲಸಕ್ಕೆ ಜನ ಯಾಕೆ ಬರುತ್ತಾರೆ? ಅರ್ಥಶಾಸ್ತ್ರದಲ್ಲಿ ಇದು ದೊಡ್ಡ ಪ್ರಶ್ನೆ. ಇದನ್ನು ಹಿಡಿದು ದಶಕಗಳ ಕಾಲ ಅಧ್ಯಯನ ಮಾಡಿದ ಎಲಿನಾರ್ ಆಸ್ಟ್ರಮ್ ಅವರಿಗೆ 2009ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಪ್ರಶಸ್ತಿ ಬಂತು. ಅವರು ಮತ್ತು ಸಂಗಡಿಗರು ನೇಪಾಳದ ನೀರಾವರಿ ವ್ಯವಸ್ಥೆಗಳನ್ನು ನೋಡಿದಾಗ ಕಂಡದ್ದು ಎಂಜಿನಿಯರುಗಳಿಗೆ ಅಚ್ಚರಿ ಹುಟ್ಟಿಸುವಂಥದ್ದು. ರೈತರೇ ಕಲ್ಲು, ಮಣ್ಣು, ಮರದಿಂದ ಕಟ್ಟಿಕೊಂಡು ನಿಭಾಯಿಸುತ್ತಿದ್ದ ಒಡ್ಡುಗಳು ಸರಕಾರಿ ಇಲಾಖೆ ನಡೆಸುತ್ತಿದ್ದ ವ್ಯವಸ್ಥೆಗಳಿಗಿಂತ ಚೆನ್ನಾಗಿ ನೀರು ಕೊಡುತ್ತಿದ್ದವು, ಕಾಲುವೆಯ ಕೊನೆಯಲ್ಲಿರುವವರಿಗೂ ತಲುಪಿಸುತ್ತಿದ್ದವು. ಕಾರಣ ಸರಳ. ಮಣ್ಣಿನ ಒಡ್ಡು ವರ್ಷಕ್ಕೊಮ್ಮೆ ಒಡೆಯುತ್ತದೆ. ಮತ್ತೆ ಕಟ್ಟಲು ಮೇಲಿನವರಿಗೆ ಕೆಳಗಿನವರ ತೋಳಬಲ ಬೇಕು. ಆ ಬಲ ಬೇಕಾದರೆ ಕೆಳಗಿನವರಿಗೆ ನೀರು ಬಿಡಲೇಬೇಕು. ಕಾಂಕ್ರೀಟ್ ಒಡ್ಡು ಬಂದಾಗ ಮೇಲಿನವರಿಗೆ ಕೆಳಗಿನವರ ಹಂಗು ತಪ್ಪಿತು, ಅದರೊಂದಿಗೆ ಮಾತುಕತೆಯೂ ತಪ್ಪಿತು.

ಈ ಮಾತನ್ನು ನಮ್ಮ ತೋಡುಗಳ ದಂಡೆಯಲ್ಲಿ ನಿಂತು ಓದಿದರೆ ಪರಿಚಿತ ಅನ್ನಿಸುತ್ತದೆ. ಸಣ್ಣ ನೀರಾವರಿ ಇಲಾಖೆ ಜಿಲ್ಲೆಯ ಉದ್ದಕ್ಕೂ ಕಿಂಡಿ ಅಣೆಕಟ್ಟುಗಳನ್ನು ಕಟ್ಟಿಸಿದೆ. ಒಳ್ಳೆಯ ಕೆಲಸವೇ. ಆದರೆ ಕಿಂಡಿ ಅಣೆಕಟ್ಟು ತನ್ನಷ್ಟಕ್ಕೆ ನೀರು ಹಿಡಿಯುವುದಿಲ್ಲ. ಮಳೆ ಹಿಂದೆ ಸರಿದ ಕೂಡಲೇ ಯಾರಾದರೂ ಇಳಿದು ಕಿಂಡಿಗೆ ಹಲಗೆ ಇಡಬೇಕು, ಎರಡು ಸಾಲು ಹಲಗೆಯ ನಡುವೆ ಮಣ್ಣು ತುಂಬಬೇಕು, ಮುಂಗಾರಿಗೆ ಮೊದಲು ಹಲಗೆ ತೆಗೆದು ಮುಂದಿನ ವರ್ಷಕ್ಕೆ ಜೋಪಾನ ಮಾಡಬೇಕು. ಈ ಎರಡು ದಿನದ ಕೆಲಸಕ್ಕೆ ಜನ ಇಲ್ಲದೆ, ಲಕ್ಷಗಟ್ಟಲೆ ರೂಪಾಯಿಯ ಕಾಂಕ್ರೀಟಿನ ನಡುವಿನಿಂದ ನೀರು ಸುಮ್ಮನೆ ಹರಿದುಹೋಗುವುದನ್ನು ಕರಾವಳಿಯಲ್ಲಿ ಬೇಕಾದಷ್ಟು ಕಡೆ ನೋಡಬಹುದು. ಹಲಗೆ ಇಡುವುದು ಯಾರ ಕೆಲಸ ಎಂಬ ಬಗ್ಗೆ ಅರ್ಜಿ ಬರೆಯುವಷ್ಟರಲ್ಲಿ ಫೆಬ್ರವರಿ ಆಗಿರುತ್ತದೆ. ಸರಕಾರ ಕಟ್ಟಡ ಕೊಡಬಲ್ಲದು. ಡಿಸೆಂಬರಿನ ಒಂದು ಭಾನುವಾರ ಹೊಳೆಗೆ ಇಳಿಯುವ ಹತ್ತು ಜನರನ್ನು ಟೆಂಡರು ಕರೆದು ತರಿಸಲಾಗದು.

ಹಂಚಿಕೊಂಡ ದುಡಿಮೆಯಿಂದ ಏನೇನು ಹುಟ್ಟಬಹುದು ಎಂಬುದಕ್ಕೆ ಈ ನೆಲದಲ್ಲೇ ಸಾಕ್ಷಿಗಳಿವೆ. ಪುತ್ತೂರಿನಲ್ಲಿ ವಕೀಲರಾಗಿದ್ದ ಮೊಳಹಳ್ಳಿ ಶಿವರಾಯರು 1909ರಲ್ಲಿ ಸಹಕಾರಿ ಸಂಘ ಕಟ್ಟಿದಾಗ ಜಿಲ್ಲೆಯ ಕೃಷಿಕನಿಗೆ ಸಾಹುಕಾರನ ಬಡ್ಡಿ ಬಿಟ್ಟರೆ ಬೇರೆ ದಾರಿಯಿರಲಿಲ್ಲ. 1914ರಲ್ಲಿ ಅವರ ಮುಂದಾಳುತನದಲ್ಲಿ ಹುಟ್ಟಿದ ಜಿಲ್ಲಾ ಕೇಂದ್ರ ಸಹಕಾರಿ ಬ್ಯಾಂಕಿಗೆ ಈಗ ನೂರು ವರ್ಷ ಕಳೆದಿದೆ, ಕೃಷಿ ಸಾಲದ ಮರುಪಾವತಿಯಲ್ಲಿ ಅದು ವರ್ಷ ವರ್ಷವೂ ಶೇ. 100ರ ಸಾಧನೆ ಹೇಳಿಕೊಳ್ಳುತ್ತದೆ. ದೇಶದ ಬೇರೆ ಕಡೆ ಸಹಕಾರಿ ಸಂಘಗಳು ಸಾಲ ವಸೂಲಾಗದೆ ಮುಳುಗಿರುವಾಗ ಇಲ್ಲಿ ಇದು ಹೇಗೆ ಸಾಧ್ಯವಾಯಿತು? ಜನ ಸ್ವಭಾವತಃ ಪ್ರಾಮಾಣಿಕರು ಎಂದು ಹೇಳಿ ನಮ್ಮ ಬೆನ್ನು ನಾವೇ ತಟ್ಟಿಕೊಳ್ಳುವುದು ಸುಲಭ. ಸಾಲ ಕೊಡುವ ಸೊಸೈಟಿಯ ನಿರ್ದೇಶಕರು, ಸಾಲ ಪಡೆಯುವವರು, ಜಾಮೀನು ನಿಲ್ಲುವವರು ಒಂದೇ ಊರಿನವರು, ಬೇರೆ ಹತ್ತು ಕೆಲಸಗಳಲ್ಲಿ ಒಟ್ಟಿಗೆ ಇದ್ದವರು ಎಂಬುದು ಹೆಚ್ಚು ನಂಬಬಹುದಾದ ಕಾರಣ. ಒಟ್ಟಿಗೆ ದುಡಿದವನ ಮುಂದೆ ಮಾತು ತಪ್ಪುವುದು ಕಷ್ಟ. ಈ ನಂಬಿಕೆಗೆ ಬೆಲೆ ಕಟ್ಟುವುದಾದರೆ ಅದು ಅಡಿಕೆಗಿಂತ ದೊಡ್ಡ ಬೆಳೆ.

ಪುತ್ತೂರಿನಿಂದಲೇ 1988ರಲ್ಲಿ ಶುರುವಾದ ‘ಅಡಿಕೆ ಪತ್ರಿಕೆ’ ಇದೇ ಗುಣದ ಇನ್ನೊಂದು ರೂಪ. ಕೃಷಿಕರ ಕೈಗೆ ಲೇಖನಿ ಕೊಡುವುದು ಅದರ ಸಂಕಲ್ಪವಾಗಿತ್ತು. ತನ್ನ ತೋಟದಲ್ಲಿ ಗೆದ್ದ ಪ್ರಯೋಗವನ್ನು ಗುಟ್ಟಾಗಿ ಇಟ್ಟುಕೊಳ್ಳದೆ ಬರೆದು ಹಂಚಿದ ಕೃಷಿಕ ತಾನೂ ಇನ್ನೊಬ್ಬರ ಪ್ರಯೋಗದಿಂದ ಕಲಿತ. ಮಳೆಕೊಯ್ಲು, ಹಲಸಿನ ಮೌಲ್ಯವರ್ಧನೆಯಂಥ ವಿಷಯಗಳು ಪ್ರಯೋಗಾಲಯದಿಂದ ಇಳಿದು ಬರುವುದಕ್ಕೆ ಕಾಯದೆ ತೋಟದಿಂದ ತೋಟಕ್ಕೆ ಹರಡಿದವು. ಸುಳ್ಯದ ಅರಂಬೂರಿನಲ್ಲಿ ಪಯಸ್ವಿನಿಗೆ 1989ರಲ್ಲಿ ತೂಗುಸೇತುವೆ ಬಂದದ್ದೂ ಊರವರ ಒತ್ತಾಸೆಯಿಂದ. ಸುಳ್ಯದಲ್ಲಿ ವರ್ಕ್‌ಶಾಪ್ ನಡೆಸುತ್ತಿದ್ದ ಎಂಜಿನಿಯರ್ ಗಿರೀಶ್ ಭಾರದ್ವಾಜರಿಗೆ ಅದು ಮೊದಲ ಸೇತುವೆ. ಆಮೇಲೆ ಅವರು ಕರ್ನಾಟಕ, ಕೇರಳ, ಆಂಧ್ರ, ಒಡಿಶಾಗಳ ಹೊಳೆಗಳಿಗೆ ನೂರಕ್ಕೂ ಹೆಚ್ಚು ತೂಗುಸೇತುವೆ ಕಟ್ಟಿದರು, 2017ರಲ್ಲಿ ಪದ್ಮಶ್ರೀ ಬಂತು. ನಾಲ್ಕು ರಾಜ್ಯಗಳ ಕಾಡಂಚಿನ ಮಕ್ಕಳು ಮಳೆಗಾಲದಲ್ಲೂ ಶಾಲೆಗೆ ಹೋಗುವಂತಾದದ್ದಕ್ಕೆ ಮೂಲ, ಹೊಳೆ ದಾಟಲಾಗದ ಒಂದು ಊರು ಕೈಕಟ್ಟಿ ಕೂರದೆ ಇದ್ದದ್ದು.

ವಿಪತ್ತಿನ ದಿನಗಳಲ್ಲಿ ಈ ಬಂಡವಾಳ ಎಷ್ಟು ಬೇಗ ಕೈಗೆ ಬರುತ್ತದೆ ಎಂಬುದನ್ನೂ ನೋಡಿದ್ದೇವೆ. 2018ರ ಆಗಸ್ಟಿನಲ್ಲಿ ಜೋಡುಪಾಲದ ಗುಡ್ಡ ಜರಿದಾಗ ಅಲ್ಲಿಂದ ಇಳಿದು ಬಂದವರಿಗೆ ಸಂಪಾಜೆ, ಕಲ್ಲುಗುಂಡಿ, ಅರಂತೋಡುಗಳಲ್ಲಿ ಬಾಗಿಲು ತೆರೆಯಿತು. 2022ರ ಆಗಸ್ಟ್ ಮೊದಲ ವಾರ ಸುಬ್ರಹ್ಮಣ್ಯ, ಹರಿಹರ ಪಲ್ಲತ್ತಡ್ಕ, ಕೊಲ್ಲಮೊಗ್ರು, ಕಲ್ಮಕಾರುಗಳಲ್ಲಿ ಒಂದೇ ರಾತ್ರಿ ಹೊಳೆಗಳು ಉಕ್ಕಿದವು, ಸುಬ್ರಹ್ಮಣ್ಯದಲ್ಲಿ ಮನೆಯ ಮೇಲೆ ಗುಡ್ಡ ಬಿದ್ದು ಇಬ್ಬರು ಮಕ್ಕಳು ತೀರಿಕೊಂಡರು. ರಕ್ಷಣಾ ಪಡೆ ಎಷ್ಟೇ ಸಿದ್ಧವಿದ್ದರೂ ಕಡಿದುಹೋದ ರಸ್ತೆಯ ಆಚೆ ಬದಿಗೆ ಮೊದಲು ಮುಟ್ಟುವವರು ನೆರೆಕರೆಯವರೇ. ಯಾವ ಮನೆಯಲ್ಲಿ ಹಾಸಿಗೆ ಹಿಡಿದ ಅಜ್ಜಿ ಇದ್ದಾರೆ, ಯಾರಿಗೆ ಈಜು ಬರುತ್ತದೆ, ಯಾರ ಜೀಪಿಗೆ ಹಗ್ಗ ಇದೆ ಎಂಬ ವಿವರ ಯಾವ ಕಡತದಲ್ಲೂ ಇರುವುದಿಲ್ಲ. ಅದು ಒಟ್ಟಿಗೆ ಕೆಲಸ ಮಾಡಿದವರ ತಲೆಯಲ್ಲಿ ಮಾತ್ರ ಇರುತ್ತದೆ.

ಸೇವೆ ಮಾಡುವವರ ಆರೋಗ್ಯದ ಬಗ್ಗೆ ಒಂದು ಮಾತು, ಏಕೆಂದರೆ ಈ ವಿಷಯ ಬಂದಾಗಲೆಲ್ಲ ಅದನ್ನು ಎತ್ತುವವರಿದ್ದಾರೆ. ಸ್ವಯಂಸೇವಕರು ಹೆಚ್ಚು ಕಾಲ ಬದುಕುತ್ತಾರೆ ಎಂದು ಪಶ್ಚಿಮದ ಹಲವು ಅಧ್ಯಯನಗಳು ಹೇಳಿವೆ. ಅಂಥ ಅಧ್ಯಯನಗಳನ್ನೆಲ್ಲ ಒಟ್ಟಿಗೆ ಪರಿಶೀಲಿಸಿ 2013ರಲ್ಲಿ ಪ್ರಕಟವಾದ ಒಂದು ವಿಮರ್ಶೆ ಮಾತ್ರ ಎಚ್ಚರಿಕೆಯಿಂದ ಮಾತಾಡಿತು: ಸಂಬಂಧ ಕಾಣುತ್ತದೆ, ಆದರೆ ಸೇವೆಯೇ ಕಾರಣ ಎನ್ನಲು ಪ್ರಯೋಗಗಳ ಆಧಾರ ಸಾಲದು. ಗಟ್ಟಿಮುಟ್ಟಾಗಿ ಇರುವವರೇ ಸೇವೆಗೆ ಬರುತ್ತಿರಬಹುದು. ಆದ್ದರಿಂದ ಆಯುಷ್ಯ ಹೆಚ್ಚುತ್ತದೆ ಎಂಬ ಆಸೆ ತೋರಿಸಿ ಯಾರನ್ನೂ ಕರೆಯಬೇಕಾಗಿಲ್ಲ. ಮಕ್ಕಳು ಬೆಂಗಳೂರಿನಲ್ಲೋ ದುಬೈಯಲ್ಲೋ ಇದ್ದು ದೊಡ್ಡ ಮನೆಯಲ್ಲಿ ಇಬ್ಬರೇ ಉಳಿದ ವೃದ್ಧರಿಗೆ ವಾರಕ್ಕೊಂದು ದಿನ ನಾಲ್ಕು ಜನರ ನಡುವೆ ಬೇಕಾದವರಾಗಿ ಇರುವುದು ಎಷ್ಟು ದೊಡ್ಡದು ಎಂಬುದಕ್ಕೆ ಅಧ್ಯಯನದ ಅಗತ್ಯವಿಲ್ಲ.

ಈಗ ಕಷ್ಟದ ಭಾಗ. ನಮ್ಮಲ್ಲಿ ಸೇವಾಮನೋಭಾವ ಕಡಿಮೆಯಾಗಿದೆ ಎಂದು ಯಾರಾದರೂ ಹೇಳಿದರೆ ಅವರು ಒಂದು ಬ್ರಹ್ಮಕಲಶವನ್ನೂ ಸರಿಯಾಗಿ ನೋಡಿಲ್ಲ ಎಂದೇ ಅರ್ಥ. ತಿಂಗಳ ಮೊದಲೇ ಸಮಿತಿಗಳು, ಉಪಸಮಿತಿಗಳು. ಮನೆ ಮನೆಗೆ ಆಮಂತ್ರಣ. ಊರೂರಿನಿಂದ ತೆಂಗಿನಕಾಯಿ, ಅಕ್ಕಿ, ತರಕಾರಿ, ಬಾಳೆಲೆ ತುಂಬಿದ ಹೊರೆಕಾಣಿಕೆಯ ಮೆರವಣಿಗೆ. ರಾತ್ರಿಯಿಡೀ ತರಕಾರಿ ಹೆಚ್ಚುವ ಹೆಂಗಸರು, ನಸುಕಿಗೆ ಅನ್ನದ ಕೊಪ್ಪರಿಗೆ ಇಳಿಸುವ ಗಂಡಸರು, ಬಡಿಸುವ ತಂಡ, ಎಲೆ ತೆಗೆಯುವ ತಂಡ, ವಾಹನ ನಿಲುಗಡೆಗೆ ಸೀಟಿ ಹಿಡಿದ ಹುಡುಗರು. ಒಂದು ಹೊತ್ತಿಗೆ ಸಾವಿರಾರು ಜನ ಉಂಡು ಏಳುತ್ತಾರೆ, ಒಬ್ಬರಿಗೂ ಸಂಬಳವಿಲ್ಲ. ಮಸೀದಿಯ ಉರೂಸಿನಲ್ಲಿ, ಇಗರ್ಜಿಯ ಹಬ್ಬದಲ್ಲಿ ಇದೇ ಶಿಸ್ತು, ಇದೇ ಉತ್ಸಾಹ. ಇಷ್ಟು ದೊಡ್ಡ ಸಂಘಟನಾ ಸಾಮರ್ಥ್ಯ ಇರುವ ಗ್ರಾಮೀಣ ಸಮಾಜ ಬಹಳ ಕಡೆ ಸಿಗದು. ಕೊರತೆ ಇರುವುದು ಮನಸ್ಸಿಗಲ್ಲ. ಈ ಸಾಮರ್ಥ್ಯ ದಿನ ಗೊತ್ತಾದ, ವೇದಿಕೆ ಇರುವ, ಮುಗಿದ ಮೇಲೆ ಸನ್ಮಾನ ನಡೆಯುವ ಕೆಲಸಕ್ಕೆ ತುಂಬಿ ಹರಿಯುತ್ತದೆ. ಉದ್ಘಾಟನೆಯಿಲ್ಲದ, ಫೋಟೊ ಬಾರದ, ಮುಂದಿನ ವರ್ಷ ಮತ್ತೆ ಅಷ್ಟೇ ಮಾಡಬೇಕಾದ ಕೆಲಸಕ್ಕೆ ಬರುವುದಿಲ್ಲ. ಇನ್ನೂ ಒಂದು: ಆ ಸೇವೆ ನಮ್ಮ ದೇವಸ್ಥಾನ, ನಮ್ಮ ಜಮಾತು, ನಮ್ಮ ಸಮಾಜದ ಸಂಘ ಎಂಬ ಗೆರೆಯೊಳಗೆ ನಿಲ್ಲುತ್ತಿದೆ. ತೋಡಿನ ಒಂದು ದಂಡೆಯಲ್ಲಿ ಗೌಡರ ತೋಟ, ಇನ್ನೊಂದರಲ್ಲಿ ಬ್ಯಾರಿಗಳ ತೋಟ, ಕೆಳಗೆ ಭಟ್ಟರದ್ದು, ಅದರ ಕೆಳಗೆ ಕಾಲನಿ. ಎಲ್ಲರೂ ಒಟ್ಟಿಗೆ ನಿಲ್ಲಲೇಬೇಕಾದ ಜಾಗ ಊರಿನಲ್ಲಿ ತೋಡಿನಷ್ಟು ಇನ್ನೊಂದಿಲ್ಲ. ಕೋಮಿನ ಹೆಸರಿನಲ್ಲಿ ಮತ್ತೆ ಮತ್ತೆ ಕಹಿ ಉಂಡ ಜಿಲ್ಲೆಗೆ ಇದು ಸಣ್ಣ ಲಾಭವಲ್ಲ.

ಇದಕ್ಕೆ ಬರುವ ಆಕ್ಷೇಪಗಳಲ್ಲಿ ಅತ್ಯಂತ ಗಂಭೀರವಾದದ್ದು ಚರಿತ್ರೆಯದು. ಹಿಂದೆ ಊರೆಲ್ಲ ಸೇರಿ ಕಟ್ಟ ಕಟ್ಟುತ್ತಿದ್ದರು ಎಂದು ಹಂಬಲಿಸುವಾಗ, ಕಲ್ಲು ಹೊತ್ತವರು ಯಾರು ಎಂದು ಕೇಳಬೇಕು. ಹೊತ್ತವರಲ್ಲಿ ಬಹುಪಾಲು ಒಕ್ಕಲುಗಳು ಮತ್ತು ದಲಿತರು. ಬಾರೆ ಎನ್ನುವ ಸ್ವಾತಂತ್ರ್ಯ ಅವರಿಗಿರಲಿಲ್ಲ. 1974ರ ಭೂಸುಧಾರಣೆಯ ನಂತರ ಆ ಬಿಟ್ಟಿ ದುಡಿಮೆ ಕಡಿದುಹೋಯಿತು, ಹೋಗಬೇಕಾದದ್ದೇ. ಹಲವು ಕಟ್ಟಗಳು ನಿಂತುಹೋಗುವುದಕ್ಕೆ ಅದೂ ಒಂದು ಕಾರಣ. ಹಾಗೆಂದು ಕಟ್ಟ ಬೇಡ ಎಂದಾಗದು, ಅದರ ಕ್ರಮ ಬದಲಾಗಬೇಕು ಎಂದಾಗುತ್ತದೆ. ಯಾರ ತೋಟಕ್ಕೆ ಹೆಚ್ಚು ನೀರು ಸಿಗುತ್ತದೋ ಅವರೇ ಮೊದಲು ತೋಡಿಗಿಳಿದು ಹಾರೆ ಹಿಡಿಯಬೇಕು. ಕೂಲಿಯಿಂದ ಬದುಕುವವರಿಗೆ ಆ ದಿನದ ಕೂಲಿ ಸಿಗಬೇಕು. ಅದನ್ನು ಉದ್ಯೋಗ ಖಾತರಿಯಂಥ ಯೋಜನೆಯಿಂದಲೋ ತೋಟದವರ ವಂತಿಗೆಯಿಂದಲೋ ಕೊಡಲು ಸಾಧ್ಯವಿದೆ. ಸಾವಿರ ಕುಳಿ ಅಡಿಕೆ ಇದ್ದವನ ಒಂದು ದಿನ ಮತ್ತು ದಿನಗೂಲಿಯವನ ಒಂದು ದಿನ ಸಮಾನ ತ್ಯಾಗವಲ್ಲ. ಧರ್ಮಸ್ಥಳದ ಗ್ರಾಮಾಭಿವೃದ್ಧಿ ಯೋಜನೆಯ ಪ್ರಗತಿಬಂಧು ತಂಡಗಳಲ್ಲಿ ಐದರಿಂದ ಎಂಟು ಸಣ್ಣ ಹಿಡುವಳಿದಾರರು ವಾರಕ್ಕೊಂದು ದಿನ ಸರದಿಯಂತೆ ಒಬ್ಬೊಬ್ಬರ ಜಾಗದಲ್ಲಿ ದುಡಿಯುವ ಕ್ರಮ ಇದೆ. ಕೊಟ್ಟ ದಿನಕ್ಕೆ ದಿನವೇ ವಾಪಸು ಬರುತ್ತದೆ, ಯಾರೂ ಯಾರ ಆಳೂ ಅಲ್ಲ. ಸ್ವಯಂಸೇವೆಯ ಲೆಕ್ಕ ಹೀಗೆ ಸ್ಪಷ್ಟ ಇದ್ದರೆ ಹಳೆಯ ದೋಷ ಮರುಕಳಿಸದು.

ಇದೆಲ್ಲ ಸರಕಾರದ ಕೆಲಸ, ನಾವು ಮಾಡಿದರೆ ಸರಕಾರ ಕೈತೊಳೆದುಕೊಳ್ಳುತ್ತದೆ ಎಂಬುದು ಇನ್ನೊಂದು ಆಕ್ಷೇಪ. ತೆರಿಗೆ ಕಟ್ಟುವವರು ಕೇಳಬೇಕಾದ ಪ್ರಶ್ನೆಯೇ. ಆದರೆ ಇಲ್ಲಿಯ ಅನುಭವ ಬೇರೆ ಹೇಳುತ್ತದೆ. ಗೇರು ತೋಟಗಳಿಗೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸಿಂಪಡಿಸಿದ ಪರಿಣಾಮ ಏನೆಂದು ಮೊದಲು ಹೇಳಿದ್ದು ಇಲಾಖೆಯಲ್ಲ. ಮನೆ ಮನೆಗೆ ಹೋಗಿ ಮಲಗಿದಲ್ಲೇ ಇರುವ ಮಕ್ಕಳನ್ನು ಎಣಿಸಿದ, ಕಚೇರಿಯ ಮೆಟ್ಟಿಲು ಹತ್ತಿದ, ಬೀದಿಗಿಳಿದ ಊರವರು. 2011ರಲ್ಲಿ ಸುಪ್ರೀಂ ಕೋರ್ಟ್ ಆ ವಿಷಕ್ಕೆ ತಡೆ ಹಾಕಿತು. ಮಾಸಾಶನವೂ ಕಡಬ ತಾಲೂಕಿನ ಕೊಯಿಲದಂಥಲ್ಲಿ ಪಾಲನಾ ಕೇಂದ್ರವೂ ಬಂದದ್ದು ಆ ಶ್ರಮದ ಬೆನ್ನಿಗೆ. ಗಡಿಯಾಚೆ ಕೇರಳದಲ್ಲಿ ಮಲಪ್ಪುರಂನ ಸ್ವಯಂಸೇವಕರು ತರಬೇತಿ ಪಡೆದು ಹಾಸಿಗೆ ಹಿಡಿದವರ ಮನೆಗೆ ಹೋಗತೊಡಗಿದ ಕೆಲವೇ ವರ್ಷಗಳಲ್ಲಿ, 2008ರಲ್ಲಿ, ರಾಜ್ಯ ಸರಕಾರ ಉಪಶಾಮಕ ಆರೈಕೆಗೆ ನೀತಿಯನ್ನೇ ರೂಪಿಸಿ ಪಂಚಾಯತುಗಳನ್ನು ಅದಕ್ಕೆ ಹೊಣೆ ಮಾಡಿತು. ಕೆಲಸಕ್ಕಿಳಿದ ಊರಿನ ಬೇಡಿಕೆಗೆ ತೂಕ ಹೆಚ್ಚು, ಏಕೆಂದರೆ ಎಷ್ಟು ಮನೆ, ಎಷ್ಟು ಜನ, ಏನು ಬೇಕು ಎಂದು ಅದಕ್ಕೆ ಗೊತ್ತಿರುತ್ತದೆ.

ಪುರುಸೊತ್ತಿಲ್ಲ, ಯುವಕರಿಲ್ಲ ಎಂಬ ಮಾತೂ ಸುಳ್ಳಲ್ಲ. ಹಳದಿ ರೋಗ ಸಂಪಾಜೆಯ ಕಡೆಯ ತೋಟಗಳನ್ನು ದಶಕಗಳಿಂದ ತಿನ್ನುತ್ತಿದೆ, ಈಗ ಎಲೆಚುಕ್ಕಿ ಸೇರಿದೆ. ಹೊಟ್ಟೆಪಾಡಿನ ಚಿಂತೆಯಲ್ಲಿರುವವನಿಗೆ ಊರ ಕೆಲಸದ ಉಪದೇಶ ಹಿಡಿಸದು. ಆದರೆ ಇಂಥ ಕಾಲದಲ್ಲೇ ನೀರು, ಆಳು, ಅನುಭವ ಹಂಚಿಕೊಳ್ಳುವ ಅಗತ್ಯ ಹೆಚ್ಚು. ಬೆಂಗಳೂರಿನಲ್ಲಿರುವ ಮಗ ಕಟ್ಟಕ್ಕೆ ಬರಲಾರ, ಚೀಲದ ಮತ್ತು ಜೆಸಿಬಿಯ ಖರ್ಚು ಕೊಡಬಲ್ಲ. ದೇವಸ್ಥಾನದ ಚಾವಣಿಗೆ ಅವನು ಕೊಡುತ್ತಾನೆ, ತೋಡಿಗೂ ಕೊಡು ಎಂದು ಕೇಳಿದವರು ಕಡಿಮೆ.

ಆದ್ದರಿಂದ ಈ ಮೂರು ತಾಲೂಕುಗಳ ದೇವಸ್ಥಾನದ ವ್ಯವಸ್ಥಾಪನಾ ಸಮಿತಿಗಳಿಗೆ, ಜಮಾತುಗಳಿಗೆ, ಇಗರ್ಜಿಗಳ ಪಾಲನಾ ಮಂಡಳಿಗಳಿಗೆ, ಯುವಕ ಮಂಡಲಗಳಿಗೆ, ಸಹಕಾರಿ ಸಂಘಗಳಿಗೆ ನನ್ನದೊಂದು ವಿನಂತಿ. ನಿಮ್ಮಲ್ಲಿ ಪಟ್ಟಿ ಇದೆ, ಫೋನ್ ನಂಬರ್ ಇದೆ, ಕರೆದರೆ ಬರುವ ಜನ ಇದ್ದಾರೆ. ಈ ಸಲ ಮಳೆ ಬಿಟ್ಟ ಕೂಡಲೇ ನಿಮ್ಮ ಗ್ರಾಮದಲ್ಲಿ ಹಲಗೆ ಕಾಣದ ಕಿಂಡಿ ಅಣೆಕಟ್ಟು ಎಷ್ಟಿವೆ, ನಿಂತುಹೋದ ಕಟ್ಟದ ಜಾಗ ಎಷ್ಟಿವೆ ಎಂದು ಗ್ರಾಮಸಭೆಗೆ ಮೊದಲು ಪಟ್ಟಿ ಮಾಡಿ. ಪಟ್ಟಿ ಹಿಡಿದು ಪಂಚಾಯತಿನಿಂದ ಚೀಲ ಮತ್ತು ಹಲಗೆ ಕೇಳಿ. ಡಿಸೆಂಬರಿನ ಎರಡು ಭಾನುವಾರ ಗೊತ್ತುಮಾಡಿ, ಆ ದಿನ ಎರಡೂ ದಂಡೆಯವರನ್ನು ಕರೆಯಿರಿ. ಮೇ ಕೊನೆಗೆ ಹಲಗೆ ತೆಗೆಯುವವರು ಯಾರು ಎಂಬುದನ್ನೂ ಅದೇ ದಿನ ಹೆಸರು ಹಿಡಿದು ಬರೆದಿಡಿ.